‘ಹಾ’ ಅಂದರೆ ಹಾಜರು

ಕಡ್ಲೆಹಾಳ
ಎರಡನೇ ಬೇಸಿಗೆಯ ಹದಿನೇಳನೇ ದಿನ, ೨೧೪೯

ಪದ್ಮರಾಜ ಅವರೇ,

ವರ್ಷಕ್ಕೆ ಎರಡು ಬೇಸಿಗೆ ಎಂದರೆ ನಿಮಗೆ ತಲೆಬುಡ ತಿಳಿಯದು. ನಮ್ಮ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಉಳಿದ ಮಾತಿಗೆ ನಾನು ಕ್ಷಮೆ ಕೇಳುವವಳಲ್ಲ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಪತ್ರ. ಒಂದು ಮನೆತನಕ್ಕೆ ಒಂದೇ ಸಿಗುತ್ತದೆ. ಜನ ಅದರಲ್ಲಿ ಮುತ್ತಜ್ಜಿಯ ಯೋಗಕ್ಷೇಮ ಕೇಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ನನ್ನ ಹೊಟ್ಟೆಯ ಉರಿ ಅಷ್ಟಿದೆ.

ನಮ್ಮ ಶಾಲೆ ನಸುಕಿಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಆಮೇಲೆ ನೆರಳುಹೊತ್ತು: ಬಿಸಿಲು ಇಳಿಯುವವರೆಗೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಲಸಿಕೆಯ ಗಾಡಿ ವರ್ಷಕ್ಕೊಮ್ಮೆ ಬರುತ್ತದೆ. ಈ ಸಲ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಲಸಿಕೆ ಖಾಲಿಯಾಯಿತು, ಗಾಡಿ ಹೊರಟುಹೋಯಿತು. ನನ್ನ ಮಗಳು ಈರವ್ವ ನಾಲ್ಕನೇ ತರಗತಿ. ಅಂಗಿಯ ತೋಳು ಮಡಚಿಕೊಂಡು ಸಾಲಿನಲ್ಲಿ ನಿಂತಿದ್ದವಳು ಹಾಗೇ ಮನೆಗೆ ಬಂದಳು. ಎರಡು ತಿಂಗಳಿಗೆ ಗಂಟಲುಮಾರಿ ಬಂತು. ನೀವು ಅದಕ್ಕೆ ಡಿಫ್ತೀರಿಯಾ ಎನ್ನುತ್ತಿದ್ದಿರಂತೆ. ಆರು ದಿನ ಇದ್ದಳು.

ಗಾಡಿ ಯಾಕೆ ಮತ್ತೆ ಬರಲಿಲ್ಲ ಎಂದು ಎಣಿಕೆಮನೆಗೆ ಹೋಗಿ ಕೇಳಿದೆ. ಅಂಕಿಗಳನ್ನು ನೋಡಿ ಆರೋಗ್ಯದ ನಿಯಮ ಮಾಡುವವರು ಅವರು. ಲಸಿಕೆಯ ಗಾಡಿಯ ಬಗ್ಗೆ ನಿಮ್ಮ ಕಾಲದಲ್ಲಿ ನೀವು ಬರೆದ ವರದಿ ಮುಂದಿಟ್ಟರು. ಆಗ ಉಳಿದ ಮಕ್ಕಳಿಗಾಗಿ ಗಾಡಿ ಎರಡನೇ ಸಲವೂ ಬರುತ್ತಿತ್ತಂತೆ; ಒಂದು ತಾಲ್ಲೂಕಿನಲ್ಲಿ ಆ ಎರಡನೇ ಭೇಟಿ ನಿಲ್ಲಿಸಿ ನೋಡಿದಿರಂತೆ. ಆದರೂ ನೂರಕ್ಕೆ ನೂರು ಮಕ್ಕಳಿಗೆ ಲಸಿಕೆ ಆಗಿತ್ತಂತೆ. ಆದ್ದರಿಂದ ಎರಡನೇ ಭೇಟಿ ದಂಡ ಎಂದು ಬರೆದಿದ್ದೀರಿ. ಆ ನಿಯಮ ಇವತ್ತಿಗೂ ಇದೆ.

ನೀವು ಎಣಿಸಿದ ಶಾಲಾ ರಿಜಿಸ್ಟರುಗಳನ್ನು ತೆಗೆಸಿ ಮೂರು ದಿನ ಓದಿದೆ. ಹೆಸರುಗಳ ಮುಂದೆ ಸಾಲಾಗಿ ‘ಹಾ’. ಅದನ್ನು ನೀವು ‘ಹಾಕಿದೆ’ ಎಂದು ಓದಿಕೊಂಡಿರಿ. ನಮ್ಮೂರಿನ ಟೀಚರ್ ದ್ಯಾಮವ್ವನಿಗೆ ತೋರಿಸಿದೆ. ಒಂದು ಸಲ ನೋಡಿ, “ಯಕ್ಕಾ, ಹಾ ಅಂದ್ರ ಹಾಜರ್, ಗೈ ಅಂದ್ರ ಗೈರ್. ನಾವೂ ಹಂಗ ಬರಿತೀವಿ, ಇದಕ್ಕ ಭಾಳ ಓದಿರಬೇಕೇನು?” ಅಂದಳು. ಒಂದು ಪುಟದ ಅಂಚಿನಲ್ಲಿ ‘ಲಸಿಕೆ ಬಂದಿಲ್ಲ’ ಎಂದೇ ಬರೆದಿದೆ. ಆ ಪುಟಕ್ಕೂ ನಿಮ್ಮದು ನೂರಕ್ಕೆ ನೂರು. ನೀವೂ ಹಾಜರಿ ಕೂಗಿಸಿಕೊಂಡು ಬೆಳೆದವರೇ ತಾನೆ? ಒಬ್ಬ ಟೀಚರಿಗೆ ಫೋನ್ ಮಾಡಿ ಕೇಳಲು ಏನು ಧಾಡಿಯಾಗಿತ್ತು ನಿಮಗೆ?

ವರದಿಗೆ ಸಹಿ ಬೀಳುವ ಹಿಂದಿನ ವಾರಕ್ಕೆ ಈ ಪತ್ರ ಕಳಿಸುತ್ತಿದ್ದೇನೆ. ಕೈಸೇರಿದರೆ ಎದ್ದು ಒಂದು ಶಾಲೆಗೆ ಹೋಗಿ. ರಿಜಿಸ್ಟರ್ ಬಿಡಿಸಿ ‘ಹಾ’ ಅಂದರೇನು ಎಂದು ಕೇಳಿ. ಲಸಿಕೆಗೆ ಬೇರೆ ಕಾಲಂ ಹಾಕಿಸಿ, ಎರಡನೇ ಭೇಟಿ ಉಳಿಸಿ. ನಿಮ್ಮ ಪಶ್ಚಾತ್ತಾಪ ನನಗೆ ಬೇಡ.

ಲಸಿಕೆಯ ದಿನ ಈರವ್ವನ ಹೆಸರಿನ ಮುಂದೆ ‘ಹಾ’ ಇದೆ. ಎಣಿಕೆಮನೆಯವರ ಪ್ರಕಾರ ಅವಳಿಗೆ ಲಸಿಕೆ ಆಗಿದೆ. ಹೆಸರು ಹೊಡೆದುಹಾಕಲು ಮನಸ್ಸು ಬಾರದೆ ದ್ಯಾಮವ್ವ ಈಗ ದಿನವೂ ‘ಗೈ’ ಬರೆಯುತ್ತಾಳೆ. ಅದನ್ನು ಮಾತ್ರ ಯಾರೂ ತಪ್ಪಾಗಿ ಓದಿಲ್ಲ.

ಬಸಲಿಂಗವ್ವ