ಅಮ್ಮ ಮುಂದಿನ ಸೀಟು ಬಿಡಲಿಲ್ಲ

ಏಪ್ರಿಲ್ 17, ಬೆಳಿಗ್ಗೆ, ವೆಲ್ಲವಾಯ

ಟೀಗೆ ನಿಲ್ಲಿಸಿದ್ದೇವೆ. ನಮ್ಮೂರು ಮಾತರದಿಂದ ಹೊರಟಾಗಿನಿಂದ ಅಮ್ಮನ ಬಾಯಿಗೆ ಬಿಡುವಿಲ್ಲ. ಎಡಕ್ಕೆ ಸೈಕಲ್. ಎಡಕ್ಕೆ ನಾಯಿ. ಎಡಕ್ಕೆ ಮೋರಿ. ಜೀವಮಾನವೆಲ್ಲ ಬಸ್ ಓಡಿಸಿದವರ ಪಕ್ಕದಲ್ಲಿ ಕೂತು! ಬೇರೆ ಯಾರಾದರೂ ಆಗಿದ್ದರೆ ಅಪ್ಪ ಇಷ್ಟರಲ್ಲಿ ರಸ್ತೆಗೆ ಇಳಿಸಿಬಿಡುತ್ತಿದ್ದರು. ಅಮ್ಮನಿಗೆ ಮಾತ್ರ, ಅಮ್ಮಾವ್ರೇ ಅನ್ನುವ ಹಾಗೆ — "ಸರಿ ನೋನಾ, ಆಯ್ತು ನೋನಾ."

ಪ್ರವಾಸ ಅಮ್ಮನದೇ ಹಟ. ಮೊನ್ನೆ 14ಕ್ಕೆ, ನಮ್ಮ ಹೊಸ ವರ್ಷದ ದಿನ, ಹಾಲನ್ನದ ಕಿರಿಬತ್ ಬಡಿಸುತ್ತ ಶುರು ಮಾಡಿದಳು. "ಊರವರನ್ನೆಲ್ಲ ದೇಶ ಸುತ್ತಿಸಿದ್ರಿ. ನನ್ನನ್ನ ಎಲ್ಲಿಗೆ ಕರ್ಕೊಂಡು ಹೋದ್ರಿ? ತ್ರಿಕೋಣಮಲೆ ಸಮುದ್ರ ತೋರಿಸಿ."

"ಮನೆ ಹಿಂದೇನೇ ಸಮುದ್ರ ಇದೆಯಲ್ಲ?"

"ಅದು ಮನೆ ಹಿಂದಿಂದು."

ಅಪ್ಪ ಎದ್ದು ಕಾರು ಕೇಳಲು ಹೋದರು. ಸೋದರಮಾವನ ಹಳೆಯ ಕಾರು ಎರವಲು. ನನಗೆ ಹಿಂದಿನ ಸೀಟು, ಬುಟ್ಟಿಗಳ ಜೊತೆ. "ಸ್ವಲ್ಪ ಹೊತ್ತು ನಾನು ಮುಂದೆ ಕೂರಲಾ?" ಅಂದೆ. "ಬೇಡ" ಅಂದಳು. ಅಷ್ಟೇ. ಈ ವಯಸ್ಸಿನಲ್ಲಿ ಸೀಟಿಗೆ ಜಗಳ.

ಅದೇ ದಿನ ಸಂಜೆ, ಹಪುತಳೆ

ದಿಯಲುಮ ಜಲಪಾತದ ಹತ್ತಿರ ಕೋತಿಯೊಂದು ಹಬ್ಬದ ಕರಿದ ತಿಂಡಿ ಕೊಕಿಸ್ ಡಬ್ಬಿ ಎತ್ತಿಕೊಂಡು ಓಡಿತು. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಬಂಡೆ ಹತ್ತಿದಳು! ಡಬ್ಬಿ ಸಿಕ್ಕಿತು, ಕೊಕಿಸ್ ಸಿಗಲಿಲ್ಲ. ಮೈಯೆಲ್ಲ ತುಂತುರು, ಕೂದಲೆಲ್ಲ ಒದ್ದೆ. ಅಪ್ಪ ನೋಡುತ್ತ ನಿಂತುಬಿಟ್ಟರು. "ಮದುವೆ ದಿನವೂ ಹೀಗೇ ಮಳೇಲಿ ನೆನೆದು ಬಂದಿದ್ಲು" ಅಂದರು ನನಗೆ.

ಇಲ್ಲಿ ಚಳಿ. ಒಂದೇ ಕಂಬಳಿಗೆ ಇಬ್ಬರೂ ಕಿತ್ತಾಡುತ್ತಿದ್ದಾರೆ.

ಏಪ್ರಿಲ್ 20, ಕ್ಯಾಂಡಿ

ಬುದ್ಧನ ದಂತವಿರುವ ದಳದಾ ದೇವಾಲಯ. ನೂಕುನುಗ್ಗಲು. ತಾವರೆ ಮಾರುವ ಹೆಂಗಸಿಗೆ ಅಪ್ಪ ಡಿಕ್ಕಿ ಹೊಡೆದರು, ಹೂವೆಲ್ಲ ಚೆಲ್ಲಾಪಿಲ್ಲಿ. ಅಮ್ಮ ತಟ್ಟನೆ ಅವರ ಎಡಕ್ಕೆ ಬಂದು ಕೈ ಹಿಡಿದಳು. ಒಳಗೆ ಹೋಗಿ ಹೊರಗೆ ಬರುವವರೆಗೂ ಬಿಡಲಿಲ್ಲ.

ಇವರಿಬ್ಬರು ಕೈಹಿಡಿದು ನಡೆದದ್ದನ್ನು ನಾನು ಇಷ್ಟು ವರ್ಷ ಕಂಡಿರಲಿಲ್ಲ. ಹಿಂದೆ ಹಿಂದೆ ನಡೆದೆ. ಹೊಟ್ಟೆಕಿಚ್ಚೂ ಆಯಿತು, ಖುಷಿಯೂ.

ಏಪ್ರಿಲ್ 21, ಸಂಜೆ, ಮಹಿಯಂಗನ

ಒದ್ದೆ ಬಟ್ಟೆಯಲ್ಲೇ ಕೂತು ಬರೆಯುತ್ತಿದ್ದೇನೆ.

ಹುನ್ನಸ್‌ಗಿರಿಯ ದಾಟುವಾಗ ಅಮ್ಮನಿಗೆ ತಲೆಸುತ್ತು, ವಾಂತಿ. ಹಿಂದೆ ಮಲಗಿಸಿ ನಾನು ಮುಂದೆ ಕೂತೆ. ಅಲ್ಲಿಂದ ಹದಿನೆಂಟು ತಿರುವಿನ ಇಳಿಜಾರು. ಮಂಜು, ಮೇಲೆ ಮಳೆ. ಅಮ್ಮನ ಬಾಯಿ ಮುಚ್ಚಿದೆ, ಎಂಥ ನೆಮ್ಮದಿ ಅಂದುಕೊಳ್ಳುತ್ತಿದ್ದೆ.

ಹಿಂದಿನಿಂದ ಕೂಗು. "ಇನೋಕಾ! ಎಡಕ್ಕೆ ಏನಿದೆ ಹೇಳೇ ಅವರಿಗೆ!"

ಹೇಳುವಷ್ಟರಲ್ಲಿ ಚಕ್ರ ರಸ್ತೆ ಬಿಟ್ಟಿತ್ತು. ಅಂಚಿನ ಬಿಳಿಗಲ್ಲಿಗೆ ಬಡಿದು ಕಾರು ಓರೆಯಾಗಿ ನಿಂತಿತು. ನನ್ನ ಕಡೆಯ ಬಾಗಿಲು ತೆರೆದೆ — ಕಾಲಿಡಲು ನೆಲವೇ ಇಲ್ಲ. ಕೆಳಗೆ ಬರೀ ಮಂಜು.

ಬಲಬಾಗಿಲಿನಿಂದ ಒಬ್ಬೊಬ್ಬರಾಗಿ ತೆವಳಿ ಹೊರಬಂದೆವು. ಮಳೆಯಲ್ಲಿ ಅಪ್ಪ ಕನ್ನಡಕ ಒರೆಸುತ್ತ ನಿಂತಿದ್ದರು. ಒರೆಸುತ್ತಲೇ ಇದ್ದರು.

"ಅಷ್ಟು ದೊಡ್ಡ ಕಲ್ಲು ಕಾಣ್ಲಿಲ್ವೇನಪ್ಪ?"

"ಕಾಣಲ್ಲ ಅವರಿಗೆ" ಅಂದಳು ಅಮ್ಮ. "ಎಡಗಣ್ಣು ಹೋಗಿ ವರ್ಷವಾಯ್ತು. ಇನ್ನು ಬರಲ್ಲ ಅಂದಿದ್ದಾರೆ ಡಾಕ್ಟರು."

"ಮತ್ತೆ... ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೀ ಕಿತ್ಕೋತಿದ್ದೆ. ಒಂದೇ ಒಂದು ಸಲ ಇವರು ಓಡಿಸೋ ಗಾಡೀಲಿ ನಾನೂ ಊರು ನೋಡ್ಬೇಕು ಅಂತ ಆಸೆ ಕಣೇ. ಬಲಗಣ್ಣು ಅವರದ್ದು, ಎಡಗಣ್ಣು ನಂದು. ಇಷ್ಟು ದೂರ ಸರಿಯಾಗೇ ಬಂದ್ವಲ್ಲ."

ಆ ಸೀಟನ್ನು ಅವಳು ಯಾಕೆ ಬಿಡಲಿಲ್ಲ ಅಂತ ಆಗ ಅರ್ಥವಾಯಿತು.

ತರಕಾರಿ ಲಾರಿಯವರು ಹಗ್ಗ ಕಟ್ಟಿ ಕಾರನ್ನು ಮೇಲಕ್ಕೆಳೆದರು. ಅಪ್ಪ ಕೀಯನ್ನು ನನ್ನ ಕೈಗಿಟ್ಟರು. ನನ್ನ ಹತ್ತಿರ ಲೈಸೆನ್ಸ್ ಇದೆ. ಓಡಿಸಿದ್ದು ಮನೆ ಮುಂದಿನ ಕಡಲತೀರದ ರಸ್ತೆಯಲ್ಲಿ, ಭಾನುವಾರ.

"ನನ್ನ ಕೈಲಾಗಲ್ಲ ಅಪ್ಪ."

"ನಾನು ಮೊದಲ ಸಲ ಇಲ್ಲಿ ಬಸ್ ಇಳಿಸಿದಾಗ ಕಂಡಕ್ಟರ್ ಕದಿರ್ಗಾಮ ದೇವರಿಗೆ ಹರಕೆ ಹೊತ್ತಿದ್ದ. ಗಾಡಿ ಹತ್ತು, ದೂ."

ದೂ ಅಂದರೆ ಮಗಳು; ನಾನು ಹುಟ್ಟಿದಾಗಿನಿಂದ ಅಪ್ಪ ಕರೆಯುವುದೇ ಹಾಗೆ.

ತಿರುವುಗಳಲ್ಲಿ ಕಾರು ಇಳಿಸತೊಡಗಿದೆ. ಅಪ್ಪ ಪಕ್ಕದಲ್ಲಿ. "ಹಾರ್ನ್. ಎರಡನೇ ಗೇರು. ಬ್ರೇಕ್ ಮೇಲೇ ನಿಲ್ಬೇಡ, ಬಿಟ್ಟು ಬಿಟ್ಟು ಒತ್ತು. ಹಾಂ... ಹಾಂ, ಚಿನ್ನಾ." ಹಿಂದೆ ಅಮ್ಮ ಕಣ್ಮುಚ್ಚಿ ಕಾಪಾಡು ಅಂತ ಬುದ್ಧನ ಪಿರಿತ್ ಸೂತ್ರ ಪಠಿಸುತ್ತಿದ್ದಳು. ನಮ್ಮ ಬೆನ್ನಿಗೇ ಒಂದು ಬಸ್ಸು, ಒಂದೇ ಸಮನೆ ಹಾರ್ನ್. ಅಪ್ಪ ಮಳೆಗೆ ತಲೆ ಹೊರಹಾಕಿ ಕೂಗಿದರು — "ಏನಯ್ಯಾ ಅವಸರ? ಗಾಡಿ ಓಡಿಸ್ತಿರೋದು ನನ್ನ ಮಗಳು!"

ಕೊನೆಯ ತಿರುವಿನಲ್ಲಿ ಬಯಲು ಕಂಡಿತು. ಕಾರು ನಿಲ್ಲಿಸಿ ಅತ್ತುಬಿಟ್ಟೆ.

ಏಪ್ರಿಲ್ 22, ಮಹಿಯಂಗನದಲ್ಲೇ

ಅಳು ಹೋಗಿ ಸಿಟ್ಟು ಬಂದಿದೆ. ಮೂವರೂ ಸಾಯುತ್ತಿದ್ದೆವು. ಇಬ್ಬರಿಗೂ ಅಂದೆ — ಮಕ್ಕಳಿಗಿಂತ ಕಡೆ ನೀವು. ಮನೆಗೆ ವಾಪಸ್.

ಅಪ್ಪ ತಲೆಯಾಡಿಸಿದರು. "ನೀನು ಹೇಳ್ದಂಗೆ." ಬಕೆಟ್ ಹಿಡಿದು ಕಾರಿನ ಕೆಸರು ತೊಳೆಯಲು ಹೋದರು. ನೆಗ್ಗಿದ ಜಾಗವನ್ನು ಬೆರಳಲ್ಲಿ ಸವರಿ ಸವರಿ ನೋಡಿದರು.

ಊಟಕ್ಕೆ ಕೊಟ್ಟ ತೆಂಗಿನ ಚಟ್ನಿ, ಪೊಲ್ ಸಂಬೋಲದಲ್ಲಿ ಉಪ್ಪಿರಲಿಲ್ಲ, ಅಮ್ಮ ಹಾಗೇ ತಿಂದಳು. ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ಈಜುವಾಗ ಹಾಕಿಕೊಳ್ಳಲೆಂದು ಹೊಸ ದಿಯರೆದ್ದ ಹೊಲಿಸಿಕೊಂಡು ತಂದಿದ್ದಾಳೆ, ಕೆಂಪು ಅಂಚಿನದು. ಅದನ್ನು ಎಲ್ಲಕ್ಕಿಂತ ಕೆಳಗಿಟ್ಟಳು.

ನೋಡಲಾಗಲಿಲ್ಲ. "ತ್ರಿಕೋಣಮಲೆಗೆ ಯಾವ ರಸ್ತೆ ಅಪ್ಪ?" ಅಂದೆ. ಅಪ್ಪ ಬಕೆಟ್ ಬಿಟ್ಟು ಓಡಿ ಬಂದರು.

ಏಪ್ರಿಲ್ 24, ಹಬರಣ ದಾಟಿ

ರಸ್ತೆ ಮಧ್ಯೆ ಆನೆ. ಒಂಟಿ. ಕಿವಿ ಬೀಸುತ್ತ ನಮ್ಮನ್ನೇ ನೋಡುತ್ತಿತ್ತು. ನಾನು ಬ್ರೇಕ್ ಒತ್ತಿದೆ.

"ಲೈಟ್ ಹಾಕ್ಬೇಡ. ಎಂಜಿನ್ ಆರಿಸ್ಬೇಡ" — ಅಪ್ಪ, ಪಿಸುಮಾತಿನಲ್ಲಿ. "ಅದು ಅದರ ಮನೆ. ದಾರಿ ಬಿಡೋವರೆಗೆ ಕಾಯೋಣ."

ಆನೆ ಬಂದು ಬಾನೆಟ್ ಮೂಸಿತು. ಅಮ್ಮ ಕಿಟಕಿ ಸಂದಿಯಿಂದ ಮೆಲ್ಲಗೆ ಒಂದು ಬಾಳೆಹಣ್ಣು ತೂರಿಸಿದಳು. ಅದಕ್ಕೆ ಸಮಾಧಾನ. ನಂತರ ಇಡೀ ಗೊನೆ ಹೋಯಿತು. ಆಮೇಲೆ ಪಕ್ಕದ ಪೊದೆಗೆ ಸರಿಯಿತು. ಹಾಗೆ ತಿನ್ನಿಸಬಾರದು ಅಂತ ಅಪ್ಪ ಬೈದರು. "ನಿಮ್ಮ ಮಗಳನ್ನ ಉಳಿಸಿದ್ದು ನನ್ನ ಬಾಳೆಹಣ್ಣು" ಅಂದಳು.

ಬರೆಯಲೆಂದು ಕಾರು ಬದಿಗೆ ನಿಲ್ಲಿಸಿದ್ದೇನೆ. ಈಗ ಇಬ್ಬರೂ ಹಿಂದಿನ ಸೀಟಿನಲ್ಲೇ. ಕನ್ನಡಿಯಲ್ಲಿ ಕಾಣುತ್ತಾರೆ. ಅಪ್ಪ ಕಿಟಕಿಗೆ ಮೂಗು ಒತ್ತಿ ಕೂತಿದ್ದಾರೆ. ಕೆರೆ, ಕೊಕ್ಕರೆ, ಗದ್ದೆಯಲ್ಲಿ ನೀರು.

"ಯಾತ್ರೆಯವರನ್ನ ಕೂರಿಸ್ಕೊಂಡು ಎಷ್ಟು ಸಲ ಬಂದಿದ್ದೀನಿ ಈ ದಾರೀಲಿ" ಅಂದರು. "ರಸ್ತೆ ಬಿಟ್ರೆ ಏನೂ ನೋಡಿಲ್ಲ ನೋನಾ."

ಏಪ್ರಿಲ್ 25, ತ್ರಿಕೋಣಮಲೆ, ಮಧ್ಯಾಹ್ನ

ಮರಳಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀರು ಗಾಜಿನ ಹಾಗೆ. ಅಮ್ಮ ಕೆಂಪು ಅಂಚಿನ ದಿಯರೆದ್ದದಲ್ಲಿ, ಅಪ್ಪ ಸರೋಂಗ್ ಲುಂಗಿ ಮೊಳಕಾಲಿಗೆ ಕಟ್ಟಿ. ಇಬ್ಬರೂ ಸೊಂಟದುದ್ದ ನೀರಿನಲ್ಲಿ. ಗಾಳಿ ಈ ಕಡೆಗೆ ಬೀಸುತ್ತಿದೆ, ಮಾತೆಲ್ಲ ಕೇಳಿಸುತ್ತಿದೆ.

"ಇನ್ನೊಂದು ಕಣ್ಣೂ ನಿಧಾನಕ್ಕೆ ಹೋಗುತ್ತೆ ಅಂದ್ರಲ್ಲ ಡಾಕ್ಟರು" ಅಂದರು ಅಪ್ಪ.

"ಗೊತ್ತು. ಪಕ್ಕದಲ್ಲೇ ಕೂತಿದ್ನಲ್ಲ ನಾನು."

ನನಗೆ ಗೊತ್ತಿರಲಿಲ್ಲ. ಇದನ್ನೂ ಹೇಳಿರಲಿಲ್ಲ.

ಅಮ್ಮ ಬೊಗಸೆಯಲ್ಲಿ ನೀರೆತ್ತಿ ಅಪ್ಪನ ತಲೆಗೆ ಹಾಕಿದಳು, ಮಗುವಿಗೆ ಸ್ನಾನ ಮಾಡಿಸುವ ಹಾಗೆ. "ಹೋಗೋದ್ರೊಳಗೆ ಎಲ್ಲ ನೋಡಿಬಿಡೋಣ. ಇನ್ನೇನು ಬಾಕಿ ಇದೆ?"

"ಉತ್ತರಕ್ಕೆ ಯಾಳ್ಪಾಣದ ಕಡೆ ಹೋಗೇ ಇಲ್ಲ. ಮನ್ನಾರು. ಅಲ್ಲಿ ಚಳಿಗಾಲಕ್ಕೆ ಕೆಂಪು ಹಕ್ಕಿಗಳು ಬರ್ತವಂತೆ, ಸಾವಿರಗಟ್ಟಲೆ..."

"ಇನೋಕಾ!" ಅಮ್ಮ ಕೂಗುತ್ತಿದ್ದಾಳೆ. "ಬರೆದದ್ದು ಸಾಕು! ಇಲ್ಲಿಂದ ಯಾಳ್ಪಾಣ ಎಷ್ಟು ದೂರವೇ?"

ನಾಳೆ ಮನೆಗೆ ಅಂತ ಆಗಿತ್ತು. ಸೋಮವಾರ ನಾನು ಪಾಠ ಮಾಡುವ ಸ್ಕೂಲು ಶುರು. ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಏನಾದರೊಂದು ಹೇಳಬೇಕು. ಮಾವನಿಗೂ. ಪೆಟ್ರೋಲ್ ಹಾಕಿಸಿ, ಟೈರಿಗೆ ಗಾಳಿ ನೋಡಿಸಿ, ಆಮೇಲೆ ಉತ್ತರಕ್ಕೆ...