ಜಾಲಿಮರದ ನೇರಕ್ಕೆ ಮಂಡಿಯುದ್ದ ನೀರು

ಬುಕ್ಕಾಂಬುಧಿ
೧೯-೫-೨೦೨೫

ಮಗಳು ಅನಿತಾಳಿಗೆ ಅಪ್ಪ ಕೆಂಚಪ್ಪನ ಆಶೀರ್ವಾದಗಳು.

ಮೊದಲು ಕ್ಷೇಮ ಬರೆಯಬೇಕಂತೆ. ನಿನ್ನವ್ವನ ಮಂಡಿನೋವು ಬಿಟ್ಟರೆ ಮೈಮಟ್ಟಿಗೆ ಇಬ್ಬರೂ ಚೆನ್ನಾಗಿದ್ದೇವೆ. ನೀನು ನಿಶ್ಚಿತಾಳನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ಹನ್ನೊಂದು ದಿನವಾಯಿತು. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಒಲೆಗೆ ಹಾಕಿದೆ. ಅದಕ್ಕೇ ತಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು, ಫೋನಿನಲ್ಲಿ ನನ್ನ ನಾಲಿಗೆ ನನಗಿಂತ ಮುಂದೆ ಓಡುತ್ತದೆ. "ಬಾಯಿಗಂತೂ ಬೀಗ ಇಲ್ಲ, ಕೈಗಾದ್ರೂ ಪೆನ್ನು ಕೊಡ್ತೀನಿ ತಗಳಿ" ಎಂದು ನಿನ್ನವ್ವ ಈ ಹಾಳೆ ಕೊಟ್ಟಳು. ಮೇಷ್ಟ್ರ ಮೇಲೆ ಸಿಟ್ಟಾಗಿ ಐದನೇ ಕ್ಲಾಸಿಗೇ ಸ್ಲೇಟು ಎಸೆದು ಬಂದವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು.

ಸೀಮೆಹಸು ಹೆಣ್ಣುಗರು ಹಾಕಿದೆ. ಹಣೆಯ ಮೇಲೆ ಬಿಳಿ ಚುಕ್ಕೆ ಇದೆ. ನಿಶ್ಚಿತಾ ದಿನಾ ಕೇಳುತ್ತಿದ್ದಳು, ಹೇಳಿಬಿಡು.

ಕೆರೆಯ ವಿಷಯಕ್ಕೆ ಬರುತ್ತೇನೆ.

ಅವಳು ಬಂದ ದಿನದಿಂದಲೂ ಕೆರೆ ಕೆರೆ ಅನ್ನುತ್ತಿದ್ದಳು. ಆವತ್ತು ಬಿಸಿಲೇರುವ ಮುಂಚೆ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದೆ. ನನ್ನ ಸೊಂಟ ಗಟ್ಟಿಯಾಗಿ ಹಿಡಿದು, ಟೌನಿನಲ್ಲಿ ಈಜು ಕಲಿತದ್ದನ್ನು ದಾರಿಯುದ್ದಕ್ಕೂ ಹೇಳಿದಳು. "ಆ ತೊಟ್ಟೀಲಿ ಈಜೋದು ಒಂದು ಈಜೇನೇ? ಎಮ್ಮೆ ಮೈ ತೊಳ್ಯಕ್ಕೂ ಸಾಲ್ದು" ಎಂದೆ. ನಕ್ಕಳು. ನಿನ್ನವ್ವ ಕಟ್ಟಿಕೊಟ್ಟಿದ್ದ ಅರಿಶಿನ ಕುಂಕುಮ, ಬಾಳೆಹಣ್ಣನ್ನು ನೀರಂಚಿನ ಕಲ್ಲಿನ ಮೇಲಿಟ್ಟು ಕೈಮುಗಿದೆವು.

"ಅಜ್ಜ, ಗಂಗಮ್ಮ ಬಾಳೆಹಣ್ಣು ತಿಂತಾಳಾ?"

"ತಿನ್ನೋದು ಮೀನು ಕಣೇ, ಹೆಸರು ಮಾತ್ರ ಗಂಗಮ್ಮಂದು."

ಅಷ್ಟು ಚೆನ್ನಾಗಿದ್ದೆವು ಅನಿತಾ, ಆ ಹೊತ್ತಿನವರೆಗೆ.

ಅವಳು ಒಂದು ಕೋಲು ತಂದು, "ಮೊದ್ಲು ಆಳ ನೋಡ್ಬೇಕು ಅಂತ ನಮ್ ಮಿಸ್ ಹೇಳಿದಾರೆ ಅಜ್ಜ" ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮ್ ಮಿಸ್ಸು ಹುಟ್ಟಕ್ಕೆ ಮುಂಚೆ ಈ ಕೆರೇಲಿ ಈಜ್ದೋನು ನಾನು. ಆ ಜಾಲಿಮರದ ನೇರಕ್ಕೆ ಹೋಗು, ಮಂಡಿಯುದ್ದ ನೀರು" ಎಂದು ಕೋಲು ಕಿತ್ತು ಎಸೆದೆ. ಹೋದಳು. ನಾನು ತೋರಿಸಿದ ನೇರಕ್ಕೇ, ಒಂದು ಗೇಣು ಆಚೀಚೆ ಇಲ್ಲದ ಹಾಗೆ ಹೋದಳು. ತಿರುಗಿ ನೋಡಿ ಕೈ ಬೀಸಿದಳು. ಮುಂದಿನ ಹೆಜ್ಜೆಗೆ ಅಲ್ಲಿರಲಿಲ್ಲ. ಅಲ್ಲೊಂದು ಗುಂಡಿ ಇತ್ತು.

ನಾನು ಓಡಿದೆ ಎಂದು ಬರೆಯಲಾರೆ. ನಾಲ್ಕು ಹೆಜ್ಜೆಗೇ ಕಾಲು ಕೆಸರಿನಲ್ಲಿ ಹೂತುಹೋಯಿತು. ಕುರಿಗಳಿಗೆ ನೀರು ಕುಡಿಸಲು ಬಂದಿದ್ದ ನಮ್ಮ ಓಬಳಪ್ಪ ಕಂಬಳಿ ಬಿಸಾಕಿ ಹಾರಿದ. ಜಡೆ ಹಿಡಿದು ಎಳೆದು ತಂದ. ಮಗು ಎರಡು ಸಲ ನೀರು ಕಾರಿಕೊಂಡು ಕಣ್ಣು ಬಿಟ್ಟು, "ಅಜ್ಜ" ಎಂದಿತು.

ನಾನು ಕೆನ್ನೆಗೆ ಹೊಡೆದೆ.

ಯಾಕೆ ಎಂದು ಕೇಳಬೇಡ. ಹನ್ನೊಂದು ದಿನದಿಂದ ನಾನೇ ಕೇಳಿಕೊಳ್ಳುತ್ತಿದ್ದೇನೆ. ಕೆರೆಯ ಏರಿಯ ಮೇಲೆ ಜನ ಸೇರಿದ್ದರು. "ಹೇಳಿದ್ ಮಾತು ಕೇಳಲ್ಲ, ಒಳಕ್ಕೆ ಹೋಗ್ಬೇಡ ಅಂದ್ರೂ ಹೋದ್ಲು" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ಓಬಳಪ್ಪ ತಲೆ ಒರೆಸಿಕೊಳ್ಳುತ್ತಾ, "ಯಾಕಣ್ಣ ಮಗೀಗ್ ಹೊಡೀತೀಯ? ಅದೇನ್ ಮಾಡ್ತು?" ಎಂದ. "ನೀ ನಿನ್ ಕುರಿ ಕಾಯೋಗಲೇ" ಎಂದೆ. ಮೊಮ್ಮಗಳ ಜೀವ ಉಳಿಸಿದವನಿಗೆ ನಾನು ಆಡಿದ ಮಾತು ಅದು. ಅವನು ಒದ್ದೆ ಬಟ್ಟೆಯಲ್ಲೇ ಕುರಿ ಹೊಡೆದುಕೊಂಡು ಹೋದ.

ನಿಶ್ಚಿತಾ ಅಳಲಿಲ್ಲ. ಮನೆಗೆ ಬರುವಾಗ ನನ್ನ ಸೊಂಟ ಹಿಡಿಯಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದು ಕೂತಳು.

ಸಂಜೆ ಸುದ್ದಿ ತಿಳಿದು ನೀನು ಬಂದಾಗ ನಿನಗೂ ಅದೇ ಸುಳ್ಳು ಹೇಳಿದೆ. ಮಗು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿತು, ಇಲ್ಲ ಎನ್ನಲಿಲ್ಲ. ಕೆನ್ನೆಯ ಮೇಲಿನ ಬೆರಳ ಗುರುತು ನೋಡಿ ನೀನು, "ಇನ್ಮೇಲೆ ನನ್ ಮಗೀನ್ ಈ ಮನೆಗೆ ಕಳ್ಸಲ್ಲ ಕಣಪ್ಪ" ಎಂದೆ. "ಕಳಿಸ್ಬೇಡ ಹೋಗು, ಯಾರ್ ಕೇಳಿದ್ರು" ಎಂದೆ ನಾನು. ಕೇಳುವವನು ನಾನೇ ಅಲ್ಲವೇ. ನೀನು ಗೇಟು ದಾಟುವ ಮೊದಲೇ ಅದು ಗೊತ್ತಾಗಿತ್ತು. ಆದರೂ ಜಗಲಿಯಿಂದ ಏಳಲಿಲ್ಲ.

ಈಗ ಬರೆಯುತ್ತೇನೆ, ಕೇಳು. ಅವಳು ಮಾತು ಮೀರಲಿಲ್ಲ. ಮಾತು ಕೇಳಿದ್ದಕ್ಕೇ ಮುಳುಗಿದಳು. ತಪ್ಪು ಅವಳದಲ್ಲ ಎಂದು ನೀನಾದರೂ ಅವಳಿಗೆ ಹೇಳು. ಅವಳನ್ನು ಕಳಿಸು ಎಂದು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ಕ್ಷಮಿಸು ಎಂದು ಹುಟ್ಟಿದಾರಭ್ಯ ಯಾರಿಗೂ ಹೇಳಿದವನಲ್ಲ. ಹೇಗೆ ಹೇಳಬೇಕೋ ತಿಳಿಯದು.

ನಿನ್ನ ಆಸ್ಪತ್ರೆಯ ಡ್ಯೂಟಿ ಹಗಲಿಗೆ ಬದಲಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಗಂಗಮ್ಮ ನಿನ್ನನ್ನೂ ಮಗುವನ್ನೂ ಅಳಿಯಂದಿರನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಪ್ಪ,
ಕೆಂಚಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಆವತ್ತು ಮನೆಗೆ ಬರುವಾಗ ಮೊಪೆಡ್ಡಿನಲ್ಲಿ ಅರ್ಧ ದಾರಿಗೆ ನಿಶ್ಚಿತಾ, "ಅಜ್ಜ, ಆ ಗುಂಡಿ ತೋಡಿದ್ದು ಯಾರು?" ಎಂದು ಕೇಳಿದಳು. "ಇಟ್ಟಿಗೆಗೂಡಿನೋರು" ಎಂದೆ. "ಅವ್ರು ಕೆಟ್ಟೋರು ಅಲ್ವಾ ಅಜ್ಜ?" ಎಂದಳು. "ಹೂಂ" ಎಂದೆ.

ತೋಡಿಸಿದ್ದು ನಾನು. ಹೋದ ವರ್ಷ ಬೇಸಿಗೆಯಲ್ಲಿ ಕೆರೆ ಒಣಗಿದ್ದಾಗ ಊರೆಲ್ಲ ತೋಟಕ್ಕೆ ಗೋಡುಮಣ್ಣು ಹೊಡೆಯಿತಲ್ಲ, ಎಲ್ಲರೂ ದೂರದ ಕೆರೆಯಂಗಳದಲ್ಲಿ ತೆಳ್ಳಗೆ ಕೆರೆದುಕೊಂಡರು. ನಾನು ದಡದ ಹತ್ತಿರವೇ ಕಪ್ಪುಮಣ್ಣು ಸಿಕ್ಕಿತೆಂದು ಜೆಸಿಬಿ ನಿಲ್ಲಿಸಿ ಎರಡಾಳುದ್ದ ಎತ್ತಿಸಿ ತೆಂಗಿನ ಬುಡಕ್ಕೆ ಹಾಕಿಸಿದೆ. "ಇಲ್ಲಿ ಬ್ಯಾಡ ಕಣಣ್ಣ, ದನ ಮಕ್ಕಳು ಇಳಿಯೋ ಜಾಗ" ಎಂದು ಓಬಳಪ್ಪ ಬೇಡಿಕೊಂಡ. ಅವನನ್ನು ಬೈದು ಓಡಿಸಿದೆ. ಮಳೆ ಬಂತು, ಕೆರೆ ತುಂಬಿತು, ಎಲ್ಲ ಒಂದೇ ಸಮನಾಗಿ ಕಂಡಿತು. ಮಗುವಿಗೆ ಕೈ ತೋರಿಸಿದಾಗ ನನ್ನ ತಲೆಯಲ್ಲಿದ್ದದ್ದು ನಾನು ಹುಡುಗನಾಗಿದ್ದಾಗಿನ ಕೆರೆ. ನಾನೇ ಬಗೆದ ಕೆರೆ ನೆನಪಿಗೇ ಬರಲಿಲ್ಲ.

ಓಬಳಪ್ಪ ಇವತ್ತಿನವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ನಿನ್ನೆ ಅವನ ಮನೆಗೆ ಹೋಗಿ ಬಂದೆ. ಇಬ್ಬರೂ ಟೀ ಕುಡಿದೆವು. ಮಳೆಯ ಮಾತಷ್ಟೇ ಆಡಿ ಎದ್ದು ಬಂದೆ.

ಇದನ್ನು ನಿಶ್ಚಿತಾಳಿಗೆ ನೀನು ಓದಿ ಹೇಳಬೇಡ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಒಳಗೆ ಕರೆಯದಿದ್ದರೂ ಸರಿ, ಮಗುವನ್ನು ಬಾಗಿಲವರೆಗೆ ಕಳಿಸು. ಆ ಕೆಟ್ಟವನು ಯಾರು ಎಂದು ನಾನೇ ಹೇಳಬೇಕು.