ರಂಗಪ್ರತಿಯ ಕೈಪಿಡಿ ತಿದ್ದಿದವಳಿಗೆ

ಜಹೀರಾಬಾದ್
೧೧ ನವೆಂಬರ್ ೨೦೨೪, ಸೋಮವಾರ

ತಾಂಡೂರಿನ ಮಹಾಪಂಡಿತೆ ಮಂಗಲಾಳಿಗೆ, ಆರು ವರ್ಷದಿಂದ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತಿರುವ ಗಂಡನ ಶರಣು.

'ರಂಗಪ್ರತಿ'ಯ ಕೈಪಿಡಿಗೆ ನೀನು ಇಂಟರ್ನೆಟ್ಟಿನಲ್ಲಿ ಕಳಿಸಿದ ತಿದ್ದುಪಡಿ ತಲುಪಿ ಇವತ್ತಿಗೆ ಹದಿನೆಂಟು ದಿನ. ಅದರ ಕೆಳಗೆ 'ಪರಿಶೀಲನೆಯಲ್ಲಿದೆ' ಎಂದಷ್ಟೇ ಬರೆದು ಸುಮ್ಮನಿದ್ದೆ. ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಲೋಕವೆಲ್ಲ ಓದುತ್ತದೆ. ಹೆಂಡತಿಯ ಅಜ್ಞಾನವನ್ನು ತುಂಬಿದ ಸಭೆಯಲ್ಲಿ ಬಯಲು ಮಾಡಬಾರದೆಂದು ಈ ಕಾಗದ.

'ರಂಗಪ್ರತಿ' ಯಾರ ಕೂಸು? ಕಾಲೇಜಿನ ಕೆಲಸದಿಂದ ನಿವೃತ್ತನಾದ ಮೇಲೆ ಎರಡು ವರ್ಷ ಕಣ್ಣು ಸವೆಸಿ, ಕಂಪ್ಯೂಟರಿನಲ್ಲಿ ಬರೆಯಲು ಎಲ್ಲರೂ ಬಳಸುವ ಉಚಿತ ಎಡಿಟರಿಗೆ ಜೋಡಿಸುವ ಈ ಎಕ್ಸ್‌ಟೆನ್ಷನ್ ಕಟ್ಟಿದವನು ನಾನು. ನಾಟಕ ಟೈಪ್ ಮಾಡುವವರಿಗೆ ಪಾತ್ರದ ಹೆಸರು, ಮಾತು, ಹಾಡು, ಪ್ರವೇಶ ಎಲ್ಲವನ್ನೂ ಅದರದರ ಜಾಗದಲ್ಲಿ ಕೂರಿಸಿಕೊಡುತ್ತದೆ. ಯಾರು ಬೇಕಾದರೂ ತಿದ್ದಿ ಕಳಿಸಬಹುದು ಎಂದು ಬಾಗಿಲು ತೆರೆದಿಟ್ಟವನೂ ನಾನೇ. ಆ ಬಾಗಿಲಿಗೆ ನೀನು ಕಸಬರಿಗೆ ಹಿಡಿದು ಬರುತ್ತೀ ಎಂದು ಯಾರಿಗೆ ಗೊತ್ತಿತ್ತು?

ಗುಡಿಸಿದ್ದಾದರೂ ಏನನ್ನು? ಕೈಪಿಡಿಯ ಆರಂಭದಲ್ಲಿದ್ದ ನನ್ನ ಹನ್ನೊಂದು ಸಾಲಿನ ನಾಂದಿಯನ್ನು! 'ಎಲೈ ಲಿಪಿಕಾರನೇ, ಬೆರಳುಗಳೆಂಬ ನಟರನ್ನು ಕೀಲಿಮಣೆಯೆಂಬ ರಂಗಕ್ಕೆ ಕರೆ' ಎಂದು ನಾನು ಗರ್ಜಿಸಿದ ಜಾಗದಲ್ಲಿ ನೀನು ಇಟ್ಟದ್ದು: 'ಮೊದಲು ಫೈಲ್ ತೆರೆಯಿರಿ.' ಇದೊಂದು ಭಾಷೆಯೇ? ರೇಷನ್ ಅಂಗಡಿಯ ಬಾಗಿಲಿಗೆ ಅಂಟಿಸುವ ಚೀಟಿ. ಮೂರನೆಯ ಹೆಜ್ಜೆಯಲ್ಲಂತೂ 'ಏನೂ ಕಾಣದಿದ್ದರೆ ಅದು ನಿಮ್ಮ ತಪ್ಪಲ್ಲ, ಮುಚ್ಚಿ ಮತ್ತೆ ತೆರೆಯಿರಿ' ಎಂದಿದ್ದೀ. ಕೈಪಿಡಿ ಸಮಾಧಾನ ಹೇಳುತ್ತದೆಯೇ? ನಾಳೆ ತಲೆಯನ್ನೂ ಸವರುತ್ತದೆಯೇ?

ಎಲ್ಲಕ್ಕಿಂತ ಘೋರವಾದದ್ದು ಕೊನೆಯ ಸಾಲು. 'ಮರೆತರೆ ಎಫ್ ಒಂದು ಒತ್ತಿ, ಕೀಲಿಗಳ ಪಟ್ಟಿ ಬರುತ್ತದೆ.' ಆ ಸೌಲಭ್ಯ ಇಟ್ಟವನು ನಾನು, ಹೇಳದೆ ಬಿಟ್ಟವನೂ ನಾನು, ಬೇಕೆಂದೇ. ನೆನಪಿಲ್ಲದವನಿಗೆ ರಂಗವೇಕೆ? ಆರು ವರ್ಷದ ಹಿಂದೆ ಸನ್ಮಾನದ ಶಾಲು ಹೊದ್ದ ದಿನವೂ ಇದನ್ನೇ ಸಾರಿದೆ: ಇಪ್ಪತ್ತೆರಡು ವರ್ಷ ರಾಜಪಾರ್ಟು ಮಾಡಿದವನಿಗೆ ಒಂದು ಮಾತನ್ನೂ ಯಾರೂ ಮರೆಯಲ್ಲಿ ನಿಂತು ಪ್ರಾಂಪ್ಟ್ ಮಾಡಿಲ್ಲ. ಮುಂದಿನ ಸಾಲಿನಿಂದ ಎದ್ದ ನೀನು ತಾಂಡೂರಿನ ಬಸ್ಸು ಹತ್ತಿದೆ. ಯಾಕೆಂದು ನಾನು ಕೇಳಿಲ್ಲ.

ಸಾಲದ್ದಕ್ಕೆ ಖಂಡೆಪ್ಪನ ಹೆಸರು ಹೇಳಿ ನನ್ನನ್ನು ಅವಸರಪಡಿಸಿದ್ದೀ. ಕಲ್ಹೇರಿನಲ್ಲಿ ಕುರಿ ಸಾಕಿಕೊಂಡಿರುವ ನಮ್ಮ ನಾಟಕಗಳ ಹಳೆಯ ಭೀಮನ ಗಂಟಲಿಗೆ ಆಪರೇಷನ್, ಆಮೇಲೆ ದನಿ ಉಳಿಯುವ ಖಾತ್ರಿಯಿಲ್ಲ. 'ಕಂಬಳಿ ಕಿರೀಟ' ನಾಟಕದ ಪ್ರತಿ ಗೆದ್ದಲಿಗೆ ಹೋಗಿದೆ, ಪೂರ್ತಿ ಬಾಯಿಪಾಠ ಇರುವುದು ಅವನೊಬ್ಬನಿಗೆ. ಮೊಬೈಲ್ ಮುಂದಿಟ್ಟರೆ ಅವನ ಬಾಯಿ ಕಟ್ಟುತ್ತದೆ. ಯಾರಾದರೂ ಬರೆದುಕೊಂಡು ಹಿಂದಿನ ಸಾಲನ್ನು ಓದಿ ಹೇಳಿದರೆ ಮಾತ್ರ ಮುಂದಿನದು ಬರುತ್ತದೆ. ಬರೆದುಕೊಳ್ಳಲು ಅವನ ಮೊಮ್ಮಗಳು ಮನಿಷಾ ಸಿದ್ಧ, ಆದರೆ ಅವಳಿಗೆ ನನ್ನ ಕೈಪಿಡಿ ಅರ್ಥವಾಗುವುದಿಲ್ಲ. ಡಿಗ್ರಿ ಓದುವ ಹುಡುಗಿಗೆ!

ನಿನ್ನ ಬಾಯಿ ಮುಚ್ಚಿಸಬೇಕೆಂದೇ ನಿನ್ನೆ ಲ್ಯಾಪ್‌ಟಾಪ್ ಹೊತ್ತು, ನಾರಾಯಣಖೇಡದಲ್ಲಿ ಬಸ್ಸು ಬದಲಿಸಿ ಕಲ್ಹೇರಿಗೆ ಹೋದೆ. ನನ್ನ ನಾಂದಿಯನ್ನು ನಾನೇ ಓದಿದೆ, ಹಟ್ಟಿಯ ಕುರಿಗಳೂ ತಲೆಯೆತ್ತಿದವು. ಖಂಡೆಪ್ಪ ಕುತ್ತಿಗೆಯ ಟವೆಲ್ ಬಿಗಿದುಕೊಂಡು, ಪಿಸುದನಿಯಲ್ಲಿ, "ಮಾಸ್ತರ್ರೆ, ಭಾಳ ಛಂದ ಬರ್ದೀರಿ. ಖರೇ ಈಗ ಯಾ ಗುಂಡಿ ಒತ್ತಬೇಕು, ಅದು ಹೇಳ್ರಿ" ಎಂದ.

ಹೇಳಲು ಹೋದೆ. ಹೊಸ ಅಂಕ ತೆರೆಯುವ ಕೀಲಿ ಯಾವುದೆಂದು ನೆನಪಾಗಲಿಲ್ಲ. ನಾನೇ ಮಾಡಿದ್ದು, ಮಂಗಲಾ. ಕೈ ಎತ್ತಿದ್ದೆ, ಕೈ ಅಲ್ಲೇ ನಿಂತಿತು. ಆಗ ಮನಿಷಾ ಮಡಿಲಲ್ಲಿದ್ದ ಒಂದು ಕಾಗದ ನೋಡಿ, ನನ್ನ ಕಡೆ ತಿರುಗದೆ, ಮೆಲ್ಲಗೆ ಅಂದಳು: "ಎಫ್ ಒಂದು ಒತ್ರಿ, ಸರ್."

ನಿನ್ನದೇ ತಿದ್ದುಪಡಿಯ ಪ್ರಿಂಟು. ನನ್ನ ಒಪ್ಪಿಗೆಗೆ ಹದಿನೈದು ದಿನ ಕಾದು, ಬೇಸತ್ತು, ಮೊನ್ನೆ ನೀನೇ ಅವಳಿಗೆ ಕಳಿಸಿದೆಯಂತೆ. ನಾನು ಮೊದಲೇ ಗೊತ್ತಿದ್ದವನ ಹಾಗೆ ಒತ್ತಿದೆ. ಖಂಡೆಪ್ಪ ನಕ್ಕ. "ಮಂಗಲಕ್ಕನ ದನಿ ಕೇಳ್ದಂಗ ಆತು ನೋಡ್ರಿ."

ಸಂಜೆಯೊಳಗೆ ಮನಿಷಾ ಎರಡು ಅಂಕ ಬರೆದುಕೊಂಡಳು. ಮೂರನೆಯದು ಶುರುವಾಗುವಾಗ ಅವನ ಪಿಸುದನಿಯೂ ಗಾಳಿಯಾಗಿ, ಅವಳಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ದೀಪಾವಳಿಯ ತನಕ ಹಟ್ಟಿಯಿಂದ ಹೊಲಕ್ಕೆ ಕೂಗಿದರೆ ಅವನ ದನಿ ಕೇಳುತ್ತಿತ್ತಂತೆ. ಆ ದಿನಗಳಲ್ಲೆಲ್ಲ ನಿನ್ನ ತಿದ್ದುಪಡಿ ನನ್ನ ಮುಂದೆಯೇ ಇತ್ತು.

ಆದ್ದರಿಂದ ಕೇಳು ತೀರ್ಪು. ಭಾಷೆ ಸಪ್ಪೆ, ಶೈಲಿ ಶೂನ್ಯ. ತಿದ್ದುಪಡಿ ಸ್ವೀಕೃತ.

ಇಂತು,
ರಾಜಪಾರ್ಟಿನ ವೀರಭದ್ರ

ಮರೆತ ಮಾತು: ಕೈಪಿಡಿಯಲ್ಲಿ ನಿನ್ನ ಒಂದಕ್ಷರವನ್ನೂ ಮುಟ್ಟಿಲ್ಲ, ಮೇಲೆ ನನ್ನದೊಂದು ಸಾಲು ಸೇರಿಸಿದ್ದೇನೆ. ಲೋಕವೆಲ್ಲ ಓದಲಿ: 'ಇದನ್ನು ಮಾಡಿದವನು ಇಪ್ಪತ್ತೆರಡು ವರ್ಷ ರಂಗದ ಮೇಲೆ ಆಡಿದ ಪ್ರತಿ ಮಾತನ್ನೂ ಪಕ್ಕದ ವಿಂಗಿನ ಪರದೆಯ ಮರೆಯಿಂದ ಅವನಿಗೆ ಹೇಳಿಕೊಟ್ಟವಳು ಮಂಗಲಾ.' ಆಪರೇಷನ್ ಬರುವ ಸೋಮವಾರ. ಪಿಸುಮಾತಿನಲ್ಲೇ ಬದುಕಿದವಳಿಗೆ ಖಂಡೆಪ್ಪನ ಮೂರನೆಯ ಅಂಕ ಕೇಳಿಸುತ್ತದೆ, ಬೇರೆ ಯಾರಿಗೂ ಇಲ್ಲ. ಶನಿವಾರ ಬೆಳಿಗ್ಗೆ ನಾರಾಯಣಖೇಡದ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ. ಬಂದಾಗ ಏನು ಮಾತಾಡಬೇಕೋ ನನಗೆ ಗೊತ್ತಿಲ್ಲ, ಹೇಳಿಕೊಡು.